ಭಾನುವಾರ ಸಂಜೆ ಮಾತ್ರ ಗೋಲ್ಡ್ ಫಿಶ್ ಮೇಲೆ ಬಂದು ಬಾಯಿ ಬಿಡುತ್ತವೆ, ಯಾಕೆ?

ಕದ್ರಿಗುಡ್ಡೆ:
ನಮಸ್ಕಾರ. ಡಿಸೆಂಬರಿನಲ್ಲಿ ಬೆಂಗಳೂರಿಂದ ಮಂಗಳೂರಿಗೆ ಮನೆ ಬದಲಿಸಿದೆವು. ಮೂರು ಅಡಿಯ ಟ್ಯಾಂಕ್, ಸುಮಾರು 120 ಲೀಟರ್, ಮೂರು ಒರಾಂಡಾ ಜಾತಿಯ ಗೋಲ್ಡ್ ಫಿಶ್. ಅಲ್ಲಿ ಎರಡು ವರ್ಷ ಆರಾಮಾಗಿದ್ದವು. ಇಲ್ಲಿ ಏಪ್ರಿಲ್ ಶುರುವಾದ ಮೇಲೆ ಹೊಸ ತಲೆನೋವು. ಭಾನುವಾರ ಊಟ ಮುಗಿಸಿ ಅರ್ಧ ನೀರು ಬದಲಿಸುತ್ತೇನೆ. ಸಂಜೆ ನೋಡಿದರೆ ಮೂರೂ ಮೇಲೆ ಬಂದು ಗುಳುಂ ಗುಳುಂ ಅಂತ ಗಾಳಿ ನುಂಗುತ್ತಿರುತ್ತವೆ. ಸೋಮವಾರ ಬೆಳಿಗ್ಗೆ ಏನೂ ಆಗದ ಹಾಗೆ ಓಡಾಡುತ್ತವೆ. ಮೊನ್ನೆಯಂತೂ ಕೆಂಪು ಟೊಪ್ಪಿಯದ್ದು ಮಗುಚಿಕೊಂಡಿತ್ತು, ಹೇಗೋ ಉಳಿಯಿತು. ನೀರು ಕೊಳೆಯಾಗಿದ್ದರೆ ಬದಲಿಸಿದ ಮೇಲೆ ಸರಿಯಾಗಬೇಕಿತ್ತು ಅಲ್ವಾ?

ಬೈಲುಮನೆ:
ತುಂಬೆ ಅಣೆಕಟ್ಟಿನಿಂದ ಬರುವ ನಲ್ಲಿ ನೀರಾ? ಹಾಗಾದರೆ ಕ್ಲೋರಿನ್ ಇರಬಹುದು.

ಕದ್ರಿಗುಡ್ಡೆ:
ಅಲ್ಲ, ನಮ್ಮದೇ ಬಾವಿ. ಪಂಪ್ ಹಾಕಿ ತಾರಸಿಯ ಕಪ್ಪು ಟ್ಯಾಂಕಿಗೆ ಏರಿಸುತ್ತೇವೆ. ಮೀನಿನ ಟ್ಯಾಂಕಿನ ಗಾಜಿಗೆ ಅಂಟಿಸಿದ ಪಟ್ಟಿ 30 ಡಿಗ್ರಿ ತೋರಿಸುತ್ತದೆ. ತಂಪಿಗೆ ಸಣ್ಣ ಫ್ಯಾನ್ ಕೂಡ ಇಟ್ಟಿದ್ದೇನೆ.

ಮಣಿಪಾಲದ ಗಪ್ಪಿ:
ಮಾರಾಯ್ರೆ, ಉತ್ತರ ನೀವೇ ಹೇಳಿದ್ದೀರಿ. ತಾರಸಿ, ಕಪ್ಪು ಟ್ಯಾಂಕ್, ಏಪ್ರಿಲ್, ಮಧ್ಯಾಹ್ನ. ಆ ಹೊತ್ತಿಗೆ ನಮ್ಮ ಮನೆ ನಲ್ಲಿಯಲ್ಲಿ ಕೈ ತೊಳೆದರೆ ಗೀಸರ್ ಹಾಕಿದ ಹಾಗಿರುತ್ತದೆ. ನಿಮ್ಮದು 38 ಅಂತ ಇಟ್ಟುಕೊಳ್ಳಿ. 30ರ ಟ್ಯಾಂಕಿಗೆ ಅರ್ಧ ಅದನ್ನು ಸುರಿದರೆ ಕಾಲು ಗಂಟೆಯಲ್ಲಿ 34. ರಾತ್ರಿ ನಿಧಾನಕ್ಕೆ ಇಳಿಯುತ್ತದೆ, ಹಾಗಾಗಿ ಸೋಮವಾರ ಸರಿ.

ಮೀನು ಶೀತರಕ್ತದ ಪ್ರಾಣಿ. ಹಾಗಂದರೆ ರಕ್ತ ಯಾವಾಗಲೂ ತಣ್ಣಗಿರುತ್ತದೆ ಅಂತಲ್ಲ. ಸುತ್ತಲಿನ ಬಿಸಿಯೇ ಅದರ ಮೈಬಿಸಿ. ತೋಟದ ಕೇರೆ ಹಾವು ಬೆಳಿಗ್ಗೆ ಹುಣಿಯ ಮೇಲೆ ಬಿಸಿಲು ಕಾಯಿಸಿ, ಬಿಸಿಲೇರಿದರೆ ಬಿಲಕ್ಕೆ ನುಗ್ಗುತ್ತದೆ. ಕಾಂಪೌಂಡಿನ ಓತಿಕ್ಯಾತವೂ ಅಷ್ಟೆ. ನಿಮ್ಮ ಒರಾಂಡಾ ಗಾಜಿನೊಳಗಿಂದ ಎಲ್ಲಿಗೆ ಹೋಗಬೇಕು?

ಬಿಸಿ ಏರಿದ ಹಾಗೆ ಮೀನಿನ ಮೈಯ ಕೆಲಸವೂ ಚುರುಕಾಗುತ್ತದೆ. 10 ಡಿಗ್ರಿ ಹೆಚ್ಚಿದರೆ ಅದಕ್ಕೆ ಬೇಕಾದ ಆಮ್ಲಜನಕ ಹತ್ತಿರ ಹತ್ತಿರ ಎರಡು ಪಟ್ಟು. ಆದರೆ ನೀರು ಮಾಡುವುದು ಉಲ್ಟಾ ಕೆಲಸ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 34ರಲ್ಲಿ ಸುಮಾರು 7. ಖರ್ಚು ಜಾಸ್ತಿ, ಸಂಬಳ ಕಡಿಮೆ. ಗೋಲ್ಡ್ ಫಿಶ್ ಮೊದಲೇ ತಂಪು ನೀರಿನದ್ದು, 18ರಿಂದ 22 ಡಿಗ್ರಿ ಅದಕ್ಕೆ ಸುಖ. ತಿಂದದ್ದರಿಂದ ಮೀನು ಹೊರಹಾಕುವ ಅಮೋನಿಯಾದ ವಿಷವೂ ಬಿಸಿಯಲ್ಲಿ ಹೆಚ್ಚು, ಹಾಗಾಗಿ ಈಗ ಊಟ ಅರ್ಧ ಮಾಡಿ.

ಫ್ಯಾನ್ ವಿಷಯ: ಬೆಂಗಳೂರಿನ ಒಣಗಾಳಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿ ನಮ್ಮ ಬೆವರೇ ಆರುವುದಿಲ್ಲ, ಟ್ಯಾಂಕಿನ ನೀರು ಎಲ್ಲಿ ಆರುತ್ತದೆ! ಅದರ ಬದಲು ಏರ್ ಪಂಪ್ ಹಾಕಿ, ನೀರಿನ ಮೇಲ್ಭಾಗ ಅಲುಗಾಡುತ್ತಿರಲಿ. ಆ ಪಟ್ಟಿಯನ್ನೂ ನಂಬಬೇಡಿ, ಅದಕ್ಕೆ ಕೋಣೆಯ ಗಾಳಿಯೂ ತಾಗುತ್ತದೆ. ಒಳಗೆ ಮುಳುಗಿಸುವ ಗಾಜಿನ ಥರ್ಮಾಮೀಟರ್ ತನ್ನಿ.

ಬೈಲುಮನೆ:
ಐಸ್ ಹಾಕಿದರೆ ಆಗುವುದಿಲ್ವಾ?

ಮಣಿಪಾಲದ ಗಪ್ಪಿ:
ದಯವಿಟ್ಟು ಬೇಡ. ಗಬಕ್ಕನೆ ಏರುವುದು ಎಷ್ಟು ಕೆಟ್ಟದ್ದೋ ಗಬಕ್ಕನೆ ಇಳಿಯುವುದೂ ಅಷ್ಟೇ. ಜೂನಿನ ಮೊದಲ ಮಳೆಗೆ ಎಷ್ಟೋ ಟ್ಯಾಂಕಿನಲ್ಲಿ ಬಿಳಿ ಚುಕ್ಕೆ ರೋಗ ಕಾಣಿಸುವುದಕ್ಕೆ ಈ ಏರಿಳಿತವೂ ಒಂದು ಕಾರಣ.

ಕದ್ರಿಗುಡ್ಡೆ:
ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಅಳೆದೆ. ಮಧ್ಯಾಹ್ನ ಎರಡೂವರೆಗೆ ನಲ್ಲಿ ನೀರು 39! ಬಾವಿಯಿಂದ ನೇರ ಸೇದಿದ್ದು 27. ಈಗ ಬೆಳಿಗ್ಗೆ ಆರಕ್ಕೆ ಬಕೆಟಿನಲ್ಲಿ ಸೇದಿ, ಅಡುಗೆಮನೆ ಮೂಲೆಯಲ್ಲಿಟ್ಟು, ಟ್ಯಾಂಕಿನ ಬಿಸಿಗೆ ಹೊಂದಿದ ಮೇಲೆ ಕಾಲು ಭಾಗ ಮಾತ್ರ ಬದಲಿಸುತ್ತೇನೆ. ಏರ್ ಪಂಪ್ ಹಗಲೂ ರಾತ್ರಿ ಓಡುತ್ತಿದೆ. ಎರಡು ಭಾನುವಾರವೂ ಒಂದೂ ಮೇಲೆ ಬರಲಿಲ್ಲ. ಟ್ಯಾಂಕ್ ಇನ್ನೂ 29ರಲ್ಲೇ ಇದೆ, ಅದನ್ನು ಪಡುವಣ ಕಿಟಕಿಯಿಂದ ಈಚೆ ತರಬೇಕು. ಸದ್ಯಕ್ಕೆ ಉಳಿದಿರುವುದು ಒಂದೇ ತೊಂದರೆ: ಅಮ್ಮ ಆ ಬಕೆಟ್ ನೀರನ್ನು ಮಲ್ಲಿಗೆ ಗಿಡಕ್ಕೆ ಹಾಕಿಬಿಡುತ್ತಾರೆ.