ಪದಚರ್ಚೆ: ‘ಬರಗಾಲದಲ್ಲಿ ಅಧಿಕಮಾಸ’

ಪ್ರಶ್ನೆ: ಇದೂ ‘ಗಾಯದ ಮೇಲೆ ಬರೆ’ಯೂ ಒಂದೇ ಅರ್ಥವೇ? ಬರಕ್ಕೂ ಪಂಚಾಂಗದ ತಿಂಗಳಿಗೂ ಏನು ನಂಟು?

ಉತ್ತರ: ಒಂದೇ ಅಲ್ಲ. ಬರೆ ಎಳೆಯಲು ಒಂದು ಕೈ ಬೇಕು. ಬೆಳೆ ಒಣಗಿದವನ ಮನೆಗೆ ಸಾಲದ ನೋಟಿಸು ಬಂದರೆ ಅದು ಗಾಯದ ಮೇಲೆ ಬರೆ. ಅಧಿಕಮಾಸವನ್ನು ಯಾರೂ ತಂದು ಹಾಕುವುದಿಲ್ಲ. ಅದು ಹೊಸ ಪೆಟ್ಟೂ ಅಲ್ಲ, ಇದ್ದ ಕಷ್ಟವನ್ನೇ ಇನ್ನೊಂದು ತಿಂಗಳು ಎಳೆಯುತ್ತದೆ.

ಚಾಂದ್ರಮಾನದ 12 ತಿಂಗಳಿಗೆ ಸುಮಾರು 354 ದಿನ, ಸೌರವರ್ಷಕ್ಕೆ 365 ಚಿಲ್ಲರೆ. ವರ್ಷಕ್ಕೆ 11 ದಿನದಂತೆ ಉಳಿಯುವ ಈ ಬಾಕಿ 32–33 ತಿಂಗಳಿಗೊಮ್ಮೆ ಒಂದು ತಿಂಗಳಾಗಿ ಬಂದು ಕೂರುತ್ತದೆ. ಎರಡು ಅಮಾವಾಸ್ಯೆಗಳ ನಡುವೆ ಸಂಕ್ರಮಣವೇ (ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು) ಬೀಳದ ತಿಂಗಳು ಅದು. ಆ ಸಲ ಯುಗಾದಿಯಿಂದ ಯುಗಾದಿಗೆ ಸುಮಾರು 384 ದಿನ. ದಿನಕ್ಕೆ ಎರಡು ಸೇರು ರಾಗಿ ಬೇಯುವ ಮನೆ ಹಬ್ಬದಿಂದ ಹಬ್ಬಕ್ಕೆ ಕಾಳು ಅಳೆದಿಟ್ಟಿದ್ದರೆ ಅರವತ್ತು ಸೇರಿನಷ್ಟು ಕಡಿಮೆ ಬೀಳುತ್ತದೆ. ಮೇಲೆ, ಆಚಾರವಿರುವ ಮನೆಗಳಲ್ಲಿ 33 ಅಪೂಪಗಳ (ಸಿಹಿ ಕಜ್ಜಾಯಗಳ) ದಾನದ ಖರ್ಚು ಬೇರೆ.

ಒಂದು ತಕರಾರು ಸರಿಯಾದದ್ದೇ: ರೈತರು ಮಳೆಯನ್ನು ಎಣಿಸುವುದು ರೋಹಿಣಿ, ಮೃಗಶಿರಾ, ಆರಿದ್ರಾ ಎಂದು, ಸೂರ್ಯನ ನಕ್ಷತ್ರದಿಂದ. ಅಧಿಕಮಾಸ ಬಂತೆಂದು ಮಳೆಯಾಗಲಿ ಕೊಯ್ಲಾಗಲಿ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಈ ಗಾದೆಯ ನೋವು ಹೊಲದ್ದಲ್ಲ, ಕಣಜದ್ದು ಎಂದು ನನ್ನ ಎಣಿಕೆ. (ತಿಂಗಳೇ ಬಿಟ್ಟುಹೋಗುವ ಕ್ಷಯಮಾಸವೂ ಉಂಟಲ್ಲ ಎನ್ನಬೇಡಿ. ಅದರ ಹಿಂದೆ ಮುಂದೆ ಎರಡು ಅಧಿಕಮಾಸ ಬಂದು ಆ ಉಳಿತಾಯವನ್ನೂ ನುಂಗುತ್ತವೆ.)

ಗಾದೆ ಅಕ್ಷರಶಃ ನಡೆದದ್ದೂ ಉಂಟು. 2023ರಲ್ಲಿ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು.

‘ದುರ್ಭಿಕ್ಷದಲ್ಲಿ ಅಧಿಕಮಾಸ’ ಎಂಬ ರೂಪವೂ ಬಳಕೆಯಲ್ಲಿದೆ. ಮರಾಠಿಯವರು ‘ದುಷ್ಕಾಳಾತ್ ತೇರಾವಾ ಮಹಿನಾ’, ಅಂದರೆ ಬರದಲ್ಲಿ ಹದಿಮೂರನೇ ತಿಂಗಳು, ಎನ್ನುತ್ತಾರೆ. ತಿಂಗಳ ಲೆಕ್ಕ ಅಲ್ಲಿ ಇನ್ನೂ ನೇರ.

ಅನುವಾದ ಮಾಡುವವರಿಗೆ ಒಂದು ಮಾತು. ಕಷ್ಟದ ಮೇಲೆ ಕಷ್ಟ ಬರುವುದಕ್ಕೆ ಇಂಗ್ಲಿಷಿನಲ್ಲಿ ಜಡಿಮಳೆಯ ಹೋಲಿಕೆ ಇದೆ. ಅದನ್ನು ‘ಮಳೆ ಬಂದರೆ ಧೋ ಎಂದು ಸುರಿಯುತ್ತದೆ’ ಎಂದು ಕನ್ನಡಕ್ಕಿಳಿಸಿದರೆ ಓದುಗರು ಸಂತೋಷದ ಸುದ್ದಿ ಅಂದುಕೊಂಡಾರು. ‘ಮಳೆ ಬಂದು ಕೆಡಲಿಲ್ಲ, ಮಗ ಉಂಡು ಕೆಡಲಿಲ್ಲ’ ಎನ್ನುವ ನುಡಿ ನಮ್ಮದು.