ಹಿಂದಿನ ಸ್ಪ್ರಿಂಗ್, ಶಾಕ್ ಬದಲಿಸಿದ ಮೇಲೆ ಟಕ್ ಟಕ್ ಸದ್ದು

ಪ್ರಶ್ನೆ: ಟಾರ್ಷನ್ ಬೀಮ್ (ಹಿಂದಿನ ಎರಡು ಗಾಲಿಗಳನ್ನು ಜೋಡಿಸುವ ತೊಲೆ) ಇರುವ ಹ್ಯಾಚ್‌ಬ್ಯಾಕ್. ಹಿಂದೆ 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್, ಜೊತೆಗೆ ಹೊಸ ಶಾಕ್ ಅಬ್ಸಾರ್ಬರ್ ಹಾಕಿದ್ದೇನೆ. ಸಣ್ಣ ಗುಂಡಿಗೂ ಎಡಗಡೆ ಟಕ್ ಅನ್ನುತ್ತೆ, ದೊಡ್ಡ ಉಬ್ಬಿನಲ್ಲಿ ಧಡ್ ಅಂತ ಬಡಿಯುತ್ತೆ. ಎಲ್ಲಿಂದ ನೋಡಲಿ?

ಉತ್ತರ 1: ಎರಡೂ ಬೇರೆ ಬೇರೆ ತೊಂದರೆ. ಟಕ್ ಸದ್ದಿಗೆ ಮೊದಲು ಶಾಕ್‌ನ ಮೇಲಿನ ಮೌಂಟ್ (ಬಾಡಿಗೆ ಕೂಡಿಸುವ ಜಾಗ) ನೋಡಿ. ರಬ್ಬರ್ ನಡುವಿನ ಲೋಹದ ಸ್ಲೀವ್ ಅಥವಾ ವಾಷರ್ ಬಿಟ್ಟುಹೋಗಿದ್ದರೆ ನಟ್ ಬಿಗಿಯಾದಂತೆ ಕಂಡರೂ ಶಾಕ್‌ನ ರಾಡ್ ಅಲ್ಲಾಡುತ್ತೆ. ಸ್ಪ್ರಿಂಗ್‌ನ ತುದಿ ಅದು ಕೂರುವ ಸೀಟಿನ ಮೆಟ್ಟಿಲಿಗೆ ತಾಗಿ ಕೂತಿರಬೇಕು, ರಬ್ಬರ್ ಪ್ಯಾಡ್ ಮಡಚಿರಬಾರದು. ನಟ್ ಬಿಗಿಸುವಾಗ ರಾಡನ್ನು ತಿರುಗದಂತೆ ಹಿಡಿಯಿರಿ. ಇಂಪ್ಯಾಕ್ಟ್ ಗನ್ ಬೇಡವೇ ಬೇಡ, ಒಳಗಿನ ಪಿಸ್ಟನ್ ನಟ್ ಸಡಿಲಾಗಬಹುದು.

ಉತ್ತರ 2: ಧಡ್ ಅನ್ನೋದು ಬಂಪ್ ಸ್ಟಾಪ್, ಅಂದರೆ ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ತಡೆಯುವ ರಬ್ಬರ್ ತುಂಡು. 30 ಮಿ.ಮೀ. ಇಳಿಸಿದರೆ ಗಾಲಿ ಮೇಲಕ್ಕೆ ಹೋಗುವ ಜಾಗವೂ ಅಷ್ಟೇ ಕಮ್ಮಿ. ಸ್ಪ್ರಿಂಗ್ ಕಿಟ್‌ನವರು ಹೇಳಿದ್ದರೆ ಮಾತ್ರ, ಬಂಪ್ ಸ್ಟಾಪನ್ನು ಹೇಳಿದಷ್ಟೇ ಕತ್ತರಿಸಿ. ಪೂರ್ತಿ ತೆಗೆದರೆ ಶಾಕ್ ತಳಕ್ಕೆ ಬಡಿದು ಸೀಲ್ ಹೋಗುತ್ತೆ.

ಉತ್ತರ 3: ಶಾಕ್‌ನ ಕೆಳಗಿನ ಬೋಲ್ಟ್ ಗಾಲಿ ನೇತಾಡುವಾಗಲೇ ಬಿಗಿಸಿದ್ದೀರಾ? ಹಾಗಿದ್ದರೆ ಸಡಿಲಿಸಿ, ಕಾರಿನ ಭಾರ ಗಾಲಿಗಳ ಮೇಲೆ ಬಂದಾಗ ಮ್ಯಾನ್ಯುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆ) ಬಿಗಿಸಿ. ಇಲ್ಲದಿದ್ದರೆ ಬೋಲ್ಟ್ ಸುತ್ತಲಿನ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಬೀಮ್ ಇಳಿಸುವಾಗ ಬ್ರೇಕ್ ಹೋಸ್, ಎಬಿಎಸ್ ವೈರ್ ಎಳೆದಿಲ್ಲ ಅಂತಲೂ ಇವತ್ತೇ ನೋಡಿ, ಅದು ಸದ್ದಿಗಿಂತ ಮುಖ್ಯ.