ಸಹಾಯ ಬೇಕು: ಉದ್ದಕಾಲಿನ ನೊಣದ ವಿವರಣೆ ಬರೆಯಲು

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ನಮ್ಮ ಗದ್ದೆ ಬದುವಿನ ಕೆಸುವಿನ ಎಲೆ ಮೇಲೆ ಒಂದು ಪುಟ್ಟ ನೊಣ ಸಿಕ್ಕಿದೆ. ತಾಮ್ರ ಬೆರೆತ ಹಸಿರು ಹೊಳಪು, ಕಡ್ಡಿಯಂಥ ಉದ್ದ ಕಾಲು. ಗಂಡಿನ ಮುಂಗಾಲಿನ ತುದಿ ಕಪ್ಪಗೆ, ಚಪ್ಪಟೆಯಾಗಿದೆ. ಅದನ್ನು ಹೆಣ್ಣಿನ ಮುಂದೆ ಬಾವುಟದ ಹಾಗೆ ಆಡಿಸುತ್ತಿತ್ತು!

ಡೋಲಿಕೋಪೋಡಿಡೇ, ಅಂದ್ರೆ ಉದ್ದಕಾಲಿನ ನೊಣಗಳ ಕುಟುಂಬದ್ದು, ಅಷ್ಟು ಖಾತ್ರಿ. ಆದರೆ ಅದರಲ್ಲಿ 7,000ಕ್ಕೂ ಜಾಸ್ತಿ ಪ್ರಭೇದಗಳಿವೆ. ಸುಮ್ನೆ ಫೋಟೋ ನೋಡಿ ಹೊಸ ಪ್ರಭೇದ ಅನ್ನೋಕಾಗಲ್ಲ, ಅಲ್ವಾ? ಪ್ರಭೇದ ಗುರುತಿಸೋಕೆ ಗಂಡಿನ ಹೊಟ್ಟೆಯ ತುದಿಯ ಜನನಾಂಗ ಬೇರ್ಪಡಿಸಿ ಚಿತ್ರ ಬರೆಯಬೇಕು. ಎರಡು ಗಂಡು, ಒಂದು ಹೆಣ್ಣು ಆಲ್ಕೊಹಾಲ್‌ನಲ್ಲಿವೆ. ಒಂದರ ಕಾಲನ್ನು ಚಿಮಟದಲ್ಲಿ ನಾನೇ ಮುರಿದೆ, ಬೈಯಬೇಡಿ.

ಮೈಸೂರಿನಲ್ಲಿ ಯಾರ ಬಳಿಯಾದರೂ ಕ್ಯಾಮೆರಾ ಇರುವ ಸ್ಟೀರಿಯೋ ಮೈಕ್ರೋಸ್ಕೋಪ್ ಅರ್ಧ ದಿನಕ್ಕೆ ಸಿಗುತ್ತಾ? ಹಿಂದೆ ನೊಣಗಳ ವಿವರಣೆ ಬರೆದವರು ನನ್ನ ಕರಡು ನೋಡಿಕೊಟ್ಟರೆ ಇನ್ನೂ ಉಪಕಾರ. ನೊಣಗಳನ್ನು ಬಸ್ಸಲ್ಲಿ ನಾನೇ ತರ್ತೀನಿ.